ಬಳ್ಳಿಯನ್ನು ಮರ ಮಾಡಹೋಗಿ

ಸಸ್ಯಶಾಸ್ತ್ರ ಕಲಿಸುವವನಿಗೆ ಗಿಡ ಬೆಳೆಸಲು ಬರಬೇಕೆಂದು ಯಾವ ವಿಶ್ವವಿದ್ಯಾಲಯವೂ ನಿಯಮ ಮಾಡಿಲ್ಲ. ಮಾಡಿದ್ದರೆ ನನ್ನಂಥವರು ಎಂದೋ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂಡಬೇಕಾಗಿತ್ತು. ನಮಗೆ ಪರಿಚಯವಿರುವ ಗಿಡಗಳೆಲ್ಲ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಲ್ಯಾಟಿನ್ ಹೆಸರು ಬರೆದಂಥವು. ಅವು ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಹೇಳಿದಲ್ಲಿ ಬಿದ್ದಿರುತ್ತವೆ. ಜೀವಂತ ಗಿಡವೇನಾದರೂ ಎದುರಿಗೆ ಬಂದರೆ, ಬರೀ ಹೆಣ ಕೊಯ್ದು ಅಭ್ಯಾಸವಿರುವ ಡಾಕ್ಟರರ ಮುಂದೆ ರೋಗಿ ಎದ್ದು ಕೂತು ‘ನಮಸ್ಕಾರ್ರಿ’ ಅಂದಂತಾಗಿ ಬೆವರುತ್ತೇವೆ. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ. ಅದರ ಅಂಗಳದಲ್ಲಿ ನಾನು ನೆಟ್ಟ ಗುಲಾಬಿ ಒಣಗಿತು, ಕ್ರೋಟನ್ ಕೊಳೆಯಿತು, ನೆಲ್ಲಿಯ ಸಸಿ ಏನಾಯಿತೆಂದು ಇವತ್ತಿಗೂ ತಿಳಿದಿಲ್ಲ. ಹೆಂಡತಿ ಗಿರಿಜಾ ಪಾತ್ರೆ ತೊಳೆದ ನೀರು ಚೆಲ್ಲುವ ಕಡೆ ತಾನಾಗಿ ಹುಟ್ಟಿದ ಹೀರೆ ಮಾತ್ರ ಹಿತ್ತಲು ತುಂಬಿ ಕಾಯಿ ಬಿಡುತ್ತಿತ್ತು. ನಾನು ಅದರ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, “ಮುಟ್ಟಬ್ಯಾಡ್ರೀ, ಅದು ಛಲೋ ಐತಿ” ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಇಷ್ಟರಲ್ಲೇ ತೃಪ್ತನಾಗಿ ಇರಬಹುದಿತ್ತು. ಆದರೆ ಪಕ್ಕದ ಮನೆಯ ಕುಸುಮಕಾಕು ಇರಗೊಡಲಿಲ್ಲ. ಕಾಕು ಮರಾಠಿ ಮಾತಿನ ಹಿರಿಯ ಹೆಂಗಸು, ಕನ್ನಡವನ್ನೂ ಅಷ್ಟೇ ಜೋರಾಗಿ ಆಡುತ್ತಿದ್ದರು. ಅವರ ಗೇಟಿನ ಮೇಲೆ ಕೆಂಪು ಕಾಗದದ ಹೂವಿನ ಬಳ್ಳಿಯೊಂದಿತ್ತು. ಅದಕ್ಕೆ ಅವರು ನೀರು ಹಾಕಿದ್ದನ್ನು ನಾನು ಕಂಡಿಲ್ಲ, ಆದರೂ ಅದು ಬೀದಿಯ ಆ ತುದಿಯಿಂದಲೇ ಕಾಣುವಷ್ಟು ಹೂ ಬಿಡುತ್ತಿತ್ತು. ಎಪ್ಪತ್ತರ ದಶಕದ ಕೊನೆ ಅದು. ಹಿಂದವಾಡಿಯಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ಗೇಟಿನೊಳಗೆ ಕಾಣುವ ಗಿಡದಿಂದ ಅಳೆಯುತ್ತಿದ್ದರು. ಒಳಗಿನ ಮನುಷ್ಯನನ್ನು ನೋಡಿ ಅಳೆದರೆ ಎಲ್ಲರಿಗೂ ತೊಂದರೆಯಾಗುತ್ತಿತ್ತಾದ್ದರಿಂದ ಈ ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಒಂದು ದಿನ ಅಂಚೆಯವನನ್ನು ಯಾರೋ ನಮ್ಮ ಮನೆ ಯಾವುದೆಂದು ಕೇಳಿದರು. ಅವನು, “ಆ ಕೆಂಪು ಹೂವಿನ ಬಳ್ಳಿ ಕಾಣತೈತಲ್ರೀ, ಅದರ ಬಾಜೂಕ ಏನೂ ಇಲ್ಲದ ಮನಿ” ಅಂದ. ಸಸ್ಯಶಾಸ್ತ್ರದ ಪ್ರಾಧ್ಯಾಪಕನ ವಿಳಾಸ ಇದು! ಆ ದಿನ ನನಗೆ ಊಟ ಸೇರಲಿಲ್ಲ.

ಅದೇ ಮಳೆಗಾಲದಲ್ಲಿ ಖಾನಾಪುರಕ್ಕೆ ಹೋಗುವ ಪ್ರಸಂಗ ಬಂತು. ಗಿರಿಜಾಳ ಅಣ್ಣ ಶಿವಪ್ಪಣ್ಣ ಅಲ್ಲಿ ಹೆಂಚಿನ ಕಾರ್ಖಾನೆ ಇಟ್ಟವರು. ಊರ ಹೊರಗೆ ಬ್ರಿಟಿಷರ ಕಾಲದ ಹಳೆಯದೊಂದು ಬಂಗಲೆ ಕೊಂಡಿದ್ದರು. ಅದರ ಪಡಸಾಲೆಯನ್ನು ಒಂದು ಬಳ್ಳಿ ಹೆಬ್ಬಾವಿನಂತೆ ಸುತ್ತಿಕೊಂಡು, ಹೆಂಚುಗಳ ಸಂದಿಗೆ ನುಗ್ಗಿ, ಛಾವಣಿಯನ್ನೇ ಎತ್ತಲು ಹತ್ತಿತ್ತು. ಹೆಂಚು ಮಾಡುವವನ ಮನೆಯ ಹೆಂಚನ್ನೇ ಎತ್ತುವುದೆಂದರೆ! ಶಿವಪ್ಪಣ್ಣ ಕೊಡಲಿ ತರಿಸಿದ್ದರು. ನಾನು ಎಲೆ ಹರಿದು ನೋಡಿದೆ, ತೂಗಾಡುತ್ತಿದ್ದ ಮಖಮಲ್ಲಿನಂಥ ಕಾಯಿ ಮುಟ್ಟಿ ನೋಡಿದೆ. “ತಡೀರಿ! ಇದು ವಿಸ್ಟೀರಿಯಾ!” ಎಂದು ಕೂಗಿದೆ.

“ಏನ್ ಸ್ಟೀರಿಯೋ?” ಎಂದರು ಶಿವಪ್ಪಣ್ಣ. “ವಿಸ್ಟೀರಿಯಾ. ಚೀನಾ, ಜಪಾನಿನ ಬಳ್ಳಿ. ಹೂ ಹೆಂಗಿರತಾವ?” “ಯುಗಾದಿ ಸುಮಾರಿಗೆ ಬಿಡತಾವ್ರಿ. ಗ್ವಂಚಲಾ ಗ್ವಂಚಲಾ ಇಳೀತಾವ. ಚಂದ ಇರತಾವ ಬಿಡ್ರಿ, ಆದರ ಚಂದಕ್ಕ ಅಂತ ಮನಿ ಸೋರಾಕ ಬಿಡಾಕ ಬರತೈತೇನು?” ನೆಲಕ್ಕೆ ತಾಗಿ ತಾನಾಗಿ ಬೇರು ಬಿಟ್ಟ ಒಂದು ಟೊಂಗೆಯನ್ನು ನಾನು ಮಣ್ಣು ಸಮೇತ ಕಿತ್ತುಕೊಂಡು ಗೋಣಿಯಲ್ಲಿ ಸುತ್ತಿದೆ. ಉಳಿದದ್ದನ್ನು ಅವರು ಆ ವಾರವೇ ಕಡಿಸಿ ಒಲೆಗೆ ಹಾಕಿದರು.

ಕಾಲೇಜಿನ ಲೈಬ್ರರಿಯಲ್ಲಿ ಪರದೇಶದ ತೋಟಗಾರಿಕೆ ಪತ್ರಿಕೆಯೊಂದು ಬರುತ್ತಿತ್ತು. ನಾನೊಬ್ಬನೇ ಅದನ್ನು ಓದುವವನು. ಅದರಲ್ಲಿ ವಿಸ್ಟೀರಿಯಾವನ್ನು ಬಳ್ಳಿಯಾಗಿ ಹಬ್ಬಿಸದೆ ಮರವಾಗಿ ನಿಲ್ಲಿಸುವ ವಿಧಾನ ಓದಿದ್ದೆ. ಕಪ್ಪುಬಿಳುಪು ಚಿತ್ರವೂ ಇತ್ತು: ಒಂದೇ ಬೊಡ್ಡೆ, ಮೇಲೆ ಛತ್ರಿಯಂಥ ತಲೆ, ಸುತ್ತಲೂ ಇಳಿಬಿದ್ದ ಗೊಂಚಲುಗಳು, ಪಕ್ಕದಲ್ಲಿ ಗರ್ವದಿಂದ ನಿಂತ ಬೋಳುತಲೆಯ ಮಾಲೀಕ. ಆ ತಲೆ ನನ್ನದರಂತೆಯೇ ಇದ್ದದ್ದು ನನಗೆ ಶುಭಸೂಚನೆಯಾಗಿ ಕಂಡಿತು. ಗೋಡೆಗೆ ಆತುಕೊಂಡ ಬಳ್ಳಿ ಕಾಕುವಿನ ಮನೆಯಲ್ಲೂ ಇದೆ. ಆತುಕೊಳ್ಳದೆ ನಿಂತ ಬಳ್ಳಿ ಇಡೀ ಬೆಳಗಾವಿಯಲ್ಲಿ ನನ್ನದೊಂದೇ ಆಗುತ್ತದೆ.

ಗಿರಿಜಾ ಗೋಣಿ ಬಿಚ್ಚಿ ನೋಡಿದಳು. “ಪೂಜಿಗೆ ಬರತೈತೇನು?” “ಗೊತ್ತಿಲ್ಲ.” “ಪಲ್ಯಕ್ಕ?” “ಛೇ, ಬೀಜ ವಿಷ ಅದು.” “ಹಂಗಾದ್ರ ಮನ್ಯಾಗ ಯಾಕ?” “ನೋಡಾಕ.” ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಉಪಯೋಗಿಲ್ಲದ್ದು ನೋಡಾಕ ಮನ್ಯಾಗೊಂದು ಇತ್ತಲ್ಲ” ಎಂದು ಒಳಗೆ ಹೋದಳು.

ಬಳ್ಳಿಯನ್ನು ಮರ ಮಾಡುವ ವಿಧಾನ ಓದಲು ಸುಲಭ. ಗಟ್ಟಿಯಾದೊಂದು ಕಂಬ ಹುಗಿಯಬೇಕು; ನಾನು ಕಬ್ಬಿಣದ ಪೈಪು ಹುಗಿದೆ. ಚಿಗುರುಗಳಲ್ಲಿ ನೆಟ್ಟಗಿರುವುದೊಂದನ್ನು ಆರಿಸಿ ಕಂಬಕ್ಕೆ ಸಡಿಲಾಗಿ ಕಟ್ಟಿ, ಉಳಿದದ್ದನ್ನೆಲ್ಲ ಬುಡಕ್ಕೇ ಕತ್ತರಿಸಬೇಕು. ಅದು ಕಂಬವನ್ನು ಸುತ್ತಲು ಹವಣಿಸುತ್ತದೆ, ಸುತ್ತಗೊಡಬಾರದು. ಬಿಚ್ಚಿ ಮತ್ತೆ ನೆಟ್ಟಗೆ ಕಟ್ಟಬೇಕು. ತಲೆಯೆತ್ತರ ದಾಟಿದ ಮೇಲೆ ತುದಿ ಚಿವುಟಬೇಕು. ಅಲ್ಲಿ ಒಡೆದ ಕವಲುಗಳನ್ನು ಮಾತ್ರ ಉಳಿಸಿ, ಅವೂ ಉದ್ದವಾದರೆ ಮೊಟಕು ಮಾಡಬೇಕು. ಕೆಳಗಿನ ಬೊಡ್ಡೆಯಲ್ಲಿ, ಬೇರಿನಲ್ಲಿ ಏನೇ ಚಿಗುರಿದರೂ ಚಿವುಟಿ ಹಾಕಬೇಕು. ಸಾರಾಂಶವೆಂದರೆ, ಅದು ಏನೇನು ಮಾಡಬೇಕೆಂದು ಬಯಸುತ್ತದೋ ಅದನ್ನೆಲ್ಲ ವರ್ಷಗಟ್ಟಲೆ ಬೇಡವೆನ್ನುತ್ತ ಹೋದರೆ ಕೊನೆಗೊಂದು ದಿನ ಹೂ ಬಿಟ್ಟು ನಮ್ಮ ಹೆಸರು ಉಳಿಸುತ್ತದೆ. ನಾನು ಇದನ್ನು ಊಟದ ಹೊತ್ತಿನಲ್ಲಿ ಉತ್ಸಾಹದಿಂದ ವಿವರಿಸಿದಾಗ ನನ್ನ ತಂಗಿ ನೀಲಾ, “ಅಣ್ಣಾ, ಇದನ್ನ ನೀ ಪತ್ರಿಕಿ ಓದಿ ಕಲಿಯೂ ಜರೂರೇನಿತ್ತು? ನಮ್ಮ ಮಂದಿ ಮೊದಲಿಂದ ಮಾಡಕೋತನ ಬಂದಾರಲ್ಲ” ಅಂದಳು. ಗಿರಿಜಾ ನಕ್ಕಳು. ಇಬ್ಬರೂ ಯಾಕೆ ನನ್ನ ಕಡೆ ನೋಡುತ್ತಿದ್ದಾರೆಂದು ತಿಳಿಯದೆ ನಾನು ಇನ್ನೊಂದು ರೊಟ್ಟಿ ಕೇಳಿದೆ.

ನೀಲಾ ನಮ್ಮ ಜೊತೆಗೇ ಇದ್ದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮಾತು ನೇರ, ಗಣಿತದ ಹಾಗೇ. ಆದ್ದರಿಂದ ಅವಳನ್ನು ನೋಡಲು ಬಂದ ವರಗಳು ಉಪ್ಪಿಟ್ಟು ತಿಂದು, ಪತ್ರ ಹಾಕುತ್ತೇವೆಂದು ಹೋಗಿ, ಹಾಕದೆ ಉಳಿಯುತ್ತಿದ್ದರು. ನಮ್ಮ ಬಂಧುಬಳಗಕ್ಕೆ ಅವಳ ಮದುವೆಯ ಹೊರತು ಬೇರೆ ಚಿಂತೆ ಇರಲಿಲ್ಲ. ಅಂಗಳದಲ್ಲಿ ಹೂ ಬಿಡದ ಗಿಡ, ಒಳಗೆ ಮದುವೆಯಾಗದ ತಂಗಿ: ಮನೆಗೆ ಬಂದವರು ಒಂದರ ಬಗ್ಗೆ ಕೇಳಿ ಮುಗಿಸಿ ಇನ್ನೊಂದಕ್ಕೆ ಬರುತ್ತಿದ್ದರು, ಎರಡಕ್ಕೂ ಒಂದೇ ಧ್ವನಿಯಲ್ಲಿ ಲೊಚಗುಟ್ಟುತ್ತಿದ್ದರು.

ಗಿಡವಂತೂ ಬೆಳೆಯಿತು. ನನ್ನ ಕೈಯಲ್ಲಿ ಬದುಕಿದ ಮೊದಲ ಗಿಡವೆಂದು ನಾನು ಅದಕ್ಕೆ ಬುಟ್ಟಿಗಟ್ಟಲೆ ಸೆಗಣಿಗೊಬ್ಬರ ಸುರಿದೆ. ಬೆಳಗಾವಿಯ ಮಳೆ ಹಿಡಿಯಿತೆಂದರೆ ಅದರ ತಲೆಯಿಂದ ಚಾಟಿಯಂಥ ಚಿಗುರುಗಳು ನಾಲ್ಕೂ ದಿಕ್ಕಿಗೆ ಕೈಚಾಚುತ್ತಿದ್ದವು. ಬಟ್ಟೆ ಒಣಹಾಕುವ ತಂತಿ ಹಿಡಿದವು, ಗಿರಿಜಾಳ ಸೀರೆಗೆ ಸುತ್ತಿಕೊಂಡವು, ಕಾಕು ಹೊಸದಾಗಿ ಏರಿಸಿದ ಟಿವಿ ಆಂಟೆನಾವನ್ನು ತಬ್ಬಿಕೊಂಡವು. “ಪ್ರೊಫೆಸರ್ ಸಾಹೇಬ್! ತುಮಚ ಝಾಡ, ನಿಮ್ಮ ಗಿಡ, ನಮ್ಮ ಟಿವಿ ನೋಡಾಕತ್ತದ, ನಮಗ ನೋಡಗೊಡವಲ್ದು!” ಎಂದು ಕಾಕು ಗೋಡೆಯಾಚೆಯಿಂದ ಕೂಗುತ್ತಿದ್ದರು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಅದು ಪೈಪಿಗೆ ಕಟ್ಟಿದ ಒಣ ಹಗ್ಗದಂತೆ ಕಾಣುತ್ತಿತ್ತು. ಆಗ ಅದೇ ಕಾಕು ಧ್ವನಿ ತಗ್ಗಿಸಿ ಗಿರಿಜಾಳನ್ನು, “ಗೇಲಂ ಕಾಯ್? ಹೋತೇನು?” ಎಂದು ಸಾವಿನ ಮನೆಯಲ್ಲಿ ಕೇಳಿದಂತೆ ಕೇಳುತ್ತಿದ್ದರು. ಯುಗಾದಿ ಬರುತ್ತಿತ್ತು, ಹೋಗುತ್ತಿತ್ತು. ಎಲೆ, ಎಲೆ, ಮತ್ತೆ ಎಲೆ. ಹೂವಿಲ್ಲ.

ಹೀಗಿರುವಾಗ ಬೈಲಹೊಂಗಲದ ಅರಿವೆ ವ್ಯಾಪಾರಿಗಳೊಬ್ಬರ ಮನೆಯಿಂದ ನೀಲಾಳಿಗೆ ಸಂಬಂಧ ಬಂತು. ಹುಡುಗ ಸರಕಾರಿ ಇಂಜಿನಿಯರ್. ಬಂದು ನೋಡಿದರು, ಉಪ್ಪಿಟ್ಟು ತಿಂದರು, ವಿಶೇಷವೆಂದರೆ ಪತ್ರವನ್ನೂ ಹಾಕಿದರು. ಹುಡುಗಿ ಒಪ್ಪಿಗೆ, ಮುಂದಿನ ಮಾತಿಗೆ ಬರುತ್ತೇವೆ ಎಂದು. ಅದೇ ಸುಮಾರಿಗೆ ನಾನು ಮತ್ತು ಶಿವಪ್ಪಣ್ಣ ಖಾನಾಪುರದಿಂದ ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದೆವು. ಆ ಪ್ಯಾಸೆಂಜರ್ ಗಾಡಿಯಲ್ಲಿ ಕೂಗದೆ ಮಾತಾಡಲು ಸಾಧ್ಯವಿರಲಿಲ್ಲ. ನಾನು ದೊಡ್ಡ ಕ್ಲಾಸುಗಳಿಗೆ ಪಾಠ ಹೇಳಿದವನು, ಶಿವಪ್ಪಣ್ಣ ಕಾರ್ಖಾನೆಯಲ್ಲಿ ಆಳುಗಳನ್ನು ದುಡಿಸುವವರು. ಇಡೀ ಡಬ್ಬಿ ನಮ್ಮ ಮಾತನ್ನು ಕೇಳುತ್ತಿತ್ತು.

“ನೀಲಾಂದು ಏನಾತ್ರಿ ಮಾಸ್ತರ?” ಎಂದರು ಶಿವಪ್ಪಣ್ಣ. “ಬೈಲಹೊಂಗಲದವರು ಒಪ್ಯಾರ. ಇನ್ನ ಮಾತಾಡಬೇಕಷ್ಟ.” “ಛಲೋ ಆತು. ಮತ್ತ ಆ ವಿಸ್ಟೀರಿಯಾ ಹೆಂಗೈತಿ?” “ಅದನ್ನೇನ ಕೇಳತೀರಿ! ಈ ವರ್ಷ ಭಾಳ ಜೋರಾಗೈತಿ. ಮಳಿಗಾಲದಾಗಂತೂ ಹಿಡಿಯಾಕ ಆಗಲಿಲ್ಲ. ಕಬ್ಬಿಣದ ಪೈಪಿಗೆ ಕಟ್ಟಿ ಹಾಕೇನಿ. ಆದ್ರೂ ಬಿಚಗೊಂಡು ಬಾಜೂಮನಿ ಕಾಕೂನ ಮ್ಯಾಲ ಹೋಗತೈತಿ.” “ಅಬ್ಬಾ!” “ತಲಿ ಕತ್ತರಿಸಿದ್ರ ಎರಡು ದಿವಸ ಗಪ್ಪ ಇರತೈತಿ. ಮತ್ತ ಶುರು.” ಶಿವಪ್ಪಣ್ಣ ಮರುಗಿದರು. “ನಿಮಗ್ಯಾಕ್ರಿ ಈ ತ್ರಾಸ? ಯಾರರ ಮನಿಗೆ ಸಾಗ ಹಾಕಿಬಿಡ್ರಲ್ಲ.” ನಾನು ದೊಡ್ಡದಾಗಿ ನಕ್ಕು, “ಗೊತ್ತಿದ್ದವರು ಯಾರು ತಗೋತಾರ್ರಿ? ಗೊತ್ತಿಲ್ಲದವರಿಗೆ ಹಚ್ಚಬೇಕಷ್ಟ!” ಎಂದೆ.

ನಮ್ಮ ಬೆನ್ನ ಹಿಂದಿನ ಬೆಂಚಿನಲ್ಲಿ ಹುಡುಗನ ಸೋದರಮಾವ ಕೂತಿದ್ದರು. ನೋಡಲು ಬಂದಾಗ ಅವರು ಇರಲಿಲ್ಲ, ನನಗೆ ಗುರುತಿಲ್ಲ. ನಮ್ಮ ಬೀಗಸ್ತನದ ವಿಚಾರಣೆ ಮಾಡಲೆಂದೇ, ಗಿರಿಜಾಳ ಕಡೆಯವರಿರುವ ಊರೆಂದು ಖಾನಾಪುರಕ್ಕೆ ಹೋಗಿ ತಿರುಗಿ ಬರುತ್ತಿದ್ದವರು. ಗಾಡಿಯ ಸದ್ದಿನಲ್ಲಿ ‘ವಿ’ ಅವರ ಕಿವಿಗೆ ‘ಹಿ’ ಆಗಿ ಬಿತ್ತು. ನೀಲಾಳ ಹೆಸರಿನ ಬೆನ್ನಿಗೇ ಬಂದದ್ದರಿಂದ ಹಿಸ್ಟೀರಿಯಾ ಯಾರಿಗೆಂಬುದರಲ್ಲೂ ಸಂಶಯ ಉಳಿಯಲಿಲ್ಲ. ನಾನು ‘ಅದು, ಅದು’ ಎಂದದ್ದಾದರೂ ಅವರನ್ನು ಎಚ್ಚರಿಸಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ‘ಅದು ಬಂತು, ಇದು ಹೋತು’ ಎಂದೇ ಕರೆಯುತ್ತೇವೆ. ಗಿಡಕ್ಕೂ ತಂಗಿಗೂ ಒಂದೇ ಸರ್ವನಾಮ ಸಾಕೆಂದು ಹಿರಿಯರು ಗೊತ್ತುಮಾಡಿಟ್ಟಿರುವಾಗ ಸೋದರಮಾವನದೇನು ತಪ್ಪು?

ಮುಂದಿನ ರವಿವಾರ ಹುಡುಗನ ತಂದೆ ಆ ಸೋದರಮಾವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ತಂದೆ ಬಹಳ ಮೆತ್ತಗಿನ ಮನುಷ್ಯ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಸಂತಾಪ ಸೂಚಿಸುವವರಂತೆ ಗಂಟಲು ಸರಿಮಾಡಿಕೊಂಡರು. “ನಾವು ಹಳೇ ಕಾಲದ ಮಂದಿ ಅಲ್ರಿ ಸರ್. ಬ್ಯಾನಿ ಯಾರಿಗೆ ಬರೂದಿಲ್ಲ? ಲಗ್ನ ಆತಂದ್ರ ತಾನ ಕಡಿಮಿ ಆಗತೈತಿ ಅಂತಾರ. ಇಲ್ಲಾಂದ್ರ ದೊಡ್ಡ ದವಾಖಾನಿಗೆ ತೋರಸೂಣು. ನಮ್ಮದೇನೂ ತಕರಾರಿಲ್ಲ.” ನನಗೆ ಏನೊಂದೂ ತಿಳಿಯಲಿಲ್ಲ. ಅವರು ಮುಂದುವರಿಸಿದರು: “ಆದರ ವ್ಯವಹಾರ ವ್ಯವಹಾರನ ಅಲ್ರಿ? ಅರಿವಿ ತಾನಿನಾಗ ಕಲಿ ಇದ್ರ ನಾವೂ ಗಿರಾಕಿಗೆ ಸ್ವಲ್ಪ ಬಿಟ್ಟು ಕೊಡತೇವಿ. ರಾಮತೀರ್ಥ ನಗರದಾಗ ನಿಮ್ಮದೊಂದು ಸೈಟ್ ಐತಂತ ಕೇಳೇವಿ. ಅದನ್ನ ಹುಡುಗನ ಹೆಸರಿಗೆ ಮಾಡಿದ್ರ, ನಾವೂ ಕಣ್ಣು ಮುಚಗೋತೇವಿ.”

“ಬ್ಯಾನಿ ಯಾರಿಗ್ರಿ?” ಎಂದೆ ನಾನು. ಸೋದರಮಾವ, “ಮುಚ್ಚಿಡಬ್ಯಾಡ್ರಿ. ನೀವ ರೈಲಿನಾಗ ಹೇಳಿದ್ರಲ್ಲ! ಪೈಪಿಗೆ ಕಟ್ಟತೇನಿ, ತಲಿ ಕತ್ತರಸತೇನಿ ಅಂತ. ಖರೇ ಹೇಳತೇನಿ, ನನಗ ಆ ಹುಡುಗಿದು ಭಾಳ ಕೆಟ್ಟ ಅನಿಸಿತು” ಅಂದರು. ಇಬ್ಬರ ಕೈ ಹಿಡಿದು ದರದರ ಅಂಗಳಕ್ಕೆ ಎಳೆದೊಯ್ದೆ. “ಇದು! ಇದನ್ನ ಕಟ್ಟೂದು, ಇದರ ತಲಿ ಕತ್ತರಸೂದು! ವಿಸ್ಟೀರಿಯಾ! ಗಿಡರೀ ಇದು, ಗಿಡ!” ಎಂದು ಅಷ್ಟೂ ಲಕ್ಷಣಗಳನ್ನು ಕ್ಲಾಸಿನಲ್ಲಿ ಹೇಳಿದಂತೆ ಹೇಳಿದೆ. ಅವರು ಗಿಡ ನೋಡಿದರು, ಪೈಪು ನೋಡಿದರು, ನನ್ನ ಮುಖ ನೋಡಿದರು. ಬೇನೆ ಯಾರಿಗೆಂಬ ಸಂಶಯ ಆ ಕ್ಷಣಕ್ಕೆ ತಂಗಿಯನ್ನು ಬಿಟ್ಟು ನನ್ನ ಮೇಲೆ ಹೊರಳಿದ್ದು ನನಗೇ ಕಂಡಿತು. ಆಮೇಲೆ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾದ್ರ ಹುಡುಗಿ ಫಸ್ಟ್ ಕ್ಲಾಸ್ ಅನ್ರಿ! ಆತು ಬಿಡ್ರಿ, ಸೈಟ್ ಬ್ಯಾಡ. ಹುಡುಗಗ ಓಡಾಡಾಕ ಒಂದು ಸ್ಕೂಟರ್ ಕೊಡ್ರಿ, ಮುಗೀತು.” ಎಲ್ಲಿ ನಿಜ ಹೇಳಬೇಕೋ ಅಲ್ಲಿ ಹೇಳಿಬಿಡುತ್ತೇನೆ: ಸೈಟ್ ಉಳಿಯಿತಲ್ಲ ಎಂದು ನನಗೆ ಆನಂದವೇ ಆಗಿತ್ತು. ಸ್ಕೂಟರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯುವ ಕಾಲವದು. ಯಾರ ಪಾಳಿ ಹತ್ತಿರ ಬಂದಿದೆಯೆಂದು ಮನಸ್ಸಿನಲ್ಲೇ ಸ್ಟಾಫ್ ರೂಮಿನ ಕುರ್ಚಿಗಳನ್ನು ಹುಡುಕತೊಡಗಿದ್ದೆ.

ಆಗ ನೀಲಾ ಪಡಸಾಲೆಯ ಮೆಟ್ಟಿಲಿಳಿದು ಬಂದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. “ಕಾಕಾರ, ನಾ ಲೆಕ್ಕ ಕಲಿಸಾಕಿ. ತಪ್ಪಿದ್ರ ತಿದ್ರಿ. ಬ್ಯಾನಿ ಇದ್ರ ಸೈಟ್, ಬ್ಯಾನಿ ಇಲ್ಲದಿದ್ರ ಸ್ಕೂಟರ್. ಹೌದಲ್ರೀ?” ತಂದೆ ನಗುತ್ತಲೇ, “ಶ್ಯಾಣ್ಯಾಕಿ ಇದ್ದೀ ನಮ್ಮವ್ವಾ” ಅಂದರು. “ಹಂಗಾದ್ರ ಬ್ಯಾನಿ ಐತ್ರಿ. ಇಂಥಾ ಮಾತು ಕಿವಿಗೆ ಬಿದ್ದಾಗೊಮ್ಮೆ ಬರತೈತಿ. ಈಗೂ ಬರಾಕತ್ತೈತಿ.” ಎಂದವಳೇ ಗಿಡದ ಬುಡದಲ್ಲಿ ನಾನು ಬಿಟ್ಟಿದ್ದ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಳು. ಯಾರಿಗೂ ಏನೂ ಮಾಡಲಿಲ್ಲ. ಒಂದು ಸಲ ತೆರೆದು ಮುಚ್ಚಿದಳು, ಅಷ್ಟೇ. ಬೀಗರು ಗೇಟಿನ ಕಡೆ ಹೊರಟ ವೇಗ ಅವರ ವಯಸ್ಸಿಗೆ ಮೀರಿದ್ದಾಗಿತ್ತು. ಗಡಿಬಿಡಿಯಲ್ಲಿ ಸೋದರಮಾವನ ಬಿಳಿ ಟೊಪ್ಪಿಗೆ ಇಳಿಬಿದ್ದ ಟೊಂಗೆಯೊಂದಕ್ಕೆ ಸಿಕ್ಕಿ ಅಲ್ಲೇ ಉಳಿಯಿತು. ಅದನ್ನು ತೆಗೆದುಕೊಳ್ಳಲೂ ಅವರು ನಿಲ್ಲಲಿಲ್ಲ.

“ಸ್ವಲ್ಪ ತಡಕೋಬೇಕಾಗಿತ್ತವಾ” ಎಂದೆ ನಾನು. ಗಿರಿಜಾ ನನ್ನ ಕಡೆ ತಿರುಗಿದಳು. “ಸ್ವಲ್ಪ ನೀವು ತಡಕೋಬೇಕಾಗಿತ್ತು, ರೈಲಿನಾಗ. ಗಿಡದ ಸುದ್ದಿ ಊರಿಗೆಲ್ಲ ಒದರತೀರಿ. ತಂಗೀನ ತಾನಿನ ಗತೆ ಅಳತಿ ಮಾಡಿದ್ರ ಬಾಯಾಗ ಮಾತ ಇಲ್ಲ.” ತಪ್ಪು ತಮ್ಮದೆಂದು ತಿಳಿದಾಗ ಗಂಡಸರು ಮಾಡುವುದನ್ನೇ ಮಾಡಿದೆ, ಸಿಟ್ಟು ಮಾಡಿಕೊಂಡೆ. ಎಲ್ಲದಕ್ಕೂ ಈ ಗಿಡವೇ ಮೂಲ, ನಾಳೆಯೇ ಕಡಿಸುತ್ತೇನೆ ಎಂದು ಕೂಗಾಡಿದೆ. ನೀಲಾ, “ಕಡಿಸಿದಿ ಅಂದ್ರ ನೋಡು! ಇಷ್ಟು ವರ್ಷದಾಗ ಈ ಮನ್ಯಾಗ ನನ್ನ ಪರವಾಗಿ ಏನರ ಮಾಡಿದ್ದು ಅದೊಂದ” ಅಂದಳು. ಕಡಿಸಲಿಲ್ಲ. ಆದರೆ ಆವತ್ತಿನಿಂದ ಗಿಡದ ಸಂಗಡ ಮಾತು ಬಿಟ್ಟೆ. ಗೊಬ್ಬರವಿಲ್ಲ, ನೀರಿಲ್ಲ, ಕತ್ತರಿಯಿಲ್ಲ. ಇರುವುದಾದರೆ ಇರಲಿ ಎಂದು ಅದರ ಕಡೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಪೇಪರ್ ಓದತೊಡಗಿದೆ.

ನೀಲಾ ಮುಂದಿನ ವರ್ಷವೇ ಖಾನಾಪುರದ ಶಾಲೆಗೆ ವರ್ಗ ಮಾಡಿಸಿಕೊಂಡು ಹೋದಳು. ಅಲ್ಲಿ ಮರಾಠಿ ಕಲಿಸುವ ಮಾಸ್ತರರೊಬ್ಬರನ್ನು ತಾನೇ ನೋಡಿ, ತಾನೇ ಒಪ್ಪಿ, ನಮಗೆ ಬಂದು ಹೇಳಿದಳು. ಉಪ್ಪಿಟ್ಟಿನ ಖರ್ಚೂ ಬರಲಿಲ್ಲ. ಇಡೀ ಜಿಲ್ಲೆ ಬಗೆಹರಿಸಲಾಗದ ಭಾಷೆಯ ಜಗಳವನ್ನು ಅವರಿಬ್ಬರೂ ದಿನವೂ ಬೆಳಗ್ಗೆ ಅಡುಗೆಮನೆಯಲ್ಲಿ ಶುರುಮಾಡಿ ಊಟದ ಹೊತ್ತಿಗೆ ಮುಗಿಸುತ್ತಾರೆ. ಬಂಧುಬಳಗದವರು ಮೊದಲು ಮುಖ ತಿರುಗಿಸಿದರು, ಆಮೇಲೆ ನೀಲಾಳ ಕೈಯ ಶೇಂಗಾ ಹೋಳಿಗೆ ತಿಂದು ಮುಖವನ್ನು ಇದ್ದಲ್ಲಿಗೆ ತಂದರು.

ಅವಳ ಮದುವೆಯಾದ ವರ್ಷ ಯುಗಾದಿಯ ಸುಮಾರಿಗೆ ನಾನು ಧಾರವಾಡದಲ್ಲಿದ್ದೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಪ್ರತಿವರ್ಷ ಅದೇ ಕಾಲಕ್ಕೆ ಹೋಗಲೇಬೇಕು. ಹೂವಿನ ಭಾಗಗಳನ್ನು ಹೆಸರಿಸಿರೆಂಬ ಪ್ರಶ್ನೆಗೆ ವಿದ್ಯಾರ್ಥಿಗಳು ಬರೆದದ್ದನ್ನು ಓದುತ್ತ, ಈ ಮಕ್ಕಳು ಜನ್ಮದಲ್ಲಿ ಒಂದು ಹೂವನ್ನಾದರೂ ನೋಡಿದ್ದಾರೆಯೇ ಎಂದು ಜೊತೆಯವರ ಮುಂದೆ ಗೊಣಗುತ್ತಿದ್ದೆ. ಕೆಲಸ ಮುಗಿಸಿ ಊರಿಗೆ ಬಂದು ಗೇಟು ತೆಗೆದರೆ ಅಂಗಳದ ತುಂಬ ಕಂದುಬಣ್ಣದ, ಒಣಗಿ ಮುದುಡಿದ ಕಸ. “ಏನಿದು? ಕಸ ಹೊಡದಿಲ್ಲೇನು?” ಎಂದೆ. ಗಿರಿಜಾ ಸೊಂಟಕ್ಕೆ ಕೈಯಿಟ್ಟುಕೊಂಡು, “ಅದು ನಿಮ್ಮ ಹೂರೀ” ಅಂದಳು.

ಗೊಬ್ಬರ ಸುರಿಯುವುದನ್ನು ಬಿಟ್ಟದ್ದಕ್ಕೇ ಗಿಡ ಹೂ ಬಿಟ್ಟಿತ್ತು. ಹೊಟ್ಟೆ ತುಂಬಿದ ಗಿಡ ಎಲೆಯನ್ನೇ ಬಿಡುತ್ತದೆ, ಹಸಿದಾಗ ಹೂ; ಇದಕ್ಕೆ ಶಾಸ್ತ್ರದಲ್ಲಿ ವಿವರಣೆಯಿದೆ, ನಾನೇ ಕಲಿಸುತ್ತೇನೆ. ಒಂದೇ ಒಂದು ಎಲೆ ಇಲ್ಲದೆ, ತಲೆಯಿಂದ ನೆಲದವರೆಗೆ ಗೊಂಚಲುಗಳಿದ್ದವಂತೆ. ನೀಲಾ ಗಂಡನನ್ನು ಕರೆದುಕೊಂಡು ಬಂದು ಅದರ ಕೆಳಗೆ ಕೂತು ಚಹಾ ಕುಡಿದಳಂತೆ. ಕಾಕು ತಮ್ಮ ಕಡೆಯವರನ್ನೆಲ್ಲ ಕರೆತಂದು, ತಮ್ಮದೇ ಗಿಡವೆಂಬಂತೆ ತೋರಿಸಿದರಂತೆ. ಸೈಕಲ್ಲಿನವರು ಇಳಿದು ನೋಡಿ ಹೋದರಂತೆ. “ನನಗ ಒಂದು ತಂತಿ ಹೊಡಿಬಾರದಾಗಿತ್ತೇನು?” ಎಂದೆ. “ಮಾತು ಬಿಟ್ಟೀರಿ ಅಂತ ತಿಳಕೊಂಡಿದ್ವಿ” ಎಂದಳು ಗಿರಿಜಾ. ಬಣ್ಣ ಹೇಗಿತ್ತೆಂದು ಒಬ್ಬೊಬ್ಬರನ್ನೇ ಕೇಳಿದೆ. ಗಿರಿಜಾ ಬದನೆಯ ಹೂವಿನ ಬಣ್ಣ ಅಂದಳು. ಕಾಕು, ಛೆ, ಥೇಟ್ ಆಕಾಶದ ಬಣ್ಣ ಅಂದರು. ನೀಲಾ, ಮಸಿ ಚೆಲ್ಲಿದ ಸೀರೆ ಒಗೆದ ಮೇಲೆ ಉಳಿಯುವ ಬಣ್ಣ ಎಂದು ಬರೆದು ತಿಳಿಸಿದಳು. ಅವಳ ಗಂಡ ಮರಾಠಿಯಲ್ಲಿ ಏನೋ ಅಂದರು, ಅದು ನನಗೆ ತಿಳಿಯಲಿಲ್ಲ. ಮುಂದಿನ ಯುಗಾದಿಗಳಲ್ಲೂ ಅದು ಹೂ ಬಿಟ್ಟು ಉದುರಿಸುವಾಗ ನಾನು ಧಾರವಾಡದಲ್ಲೇ ಇದ್ದೆ.

ಈಚೆಗೆ ಕ್ಲಾಸಿನಲ್ಲಿ ಅವರೆ ಕುಟುಂಬದ ಪಾಠಕ್ಕೆ ಬಂದಾಗ ವಿಸ್ಟೀರಿಯಾದ ಪ್ರಸ್ತಾಪ ಮಾಡಿದೆ. ನಾನೇ ಬೆಳೆಸಿದ್ದೇನೆಂದೆ, ಬಳ್ಳಿಯನ್ನು ಮರವಾಗಿ ನಿಲ್ಲಿಸಿದ್ದೇನೆಂದೆ, ಹೂವಿನ ಗೊಂಚಲನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಚಂದವಾಗಿ ಬರೆದು ಭಾಗಗಳನ್ನು ಗುರುತಿಸಿದೆ. ಹುಡುಗಿಯರು ಬಹಳ ಆಸಕ್ತಿಯಿಂದ ಕೇಳುತ್ತಿದ್ದರು. ಮುಂದಿನ ಬೆಂಚಿನವಳೊಬ್ಬಳು ಎದ್ದು ನಿಂತು, “ಸರ್, ಅದರ ಬಣ್ಣ ಯಾವುದ್ರಿ?” ಎಂದು ಕೇಳಿದಳು.

ನಾನು ಕೈಗೆ ಹತ್ತಿದ ಸುಣ್ಣದ ಪುಡಿ ಕೊಡವಿಕೊಂಡೆ. ಬೋರ್ಡು ಒರೆಸಿದೆ.

“ಅದು ಪರೀಕ್ಷಾಕ್ಕ ಬರೂದಿಲ್ಲ,” ಎಂದೆ, “ಕೂಡು.”